ಸೈಕಲ್ಲಿನ ಕೆಲಸ ಬೇರೆ, ತಟ್ಟೆಯ ಕೆಲಸ ಬೇರೆ

ಓದುಗರ ಪ್ರಶ್ನೆ – ಉತ್ತರ

(ಉತ್ತರ ಕೊಡುವವರು ಹಾಸನದ ನಿವೃತ್ತ ಬಸ್ ಚಾಲಕರು. ಬೇಲೂರು, ಚಿಕ್ಕಮಗಳೂರು, ಸಕಲೇಶಪುರದ ಹಾದಿಗಳಲ್ಲಿ ವರ್ಷಗಟ್ಟಲೆ ಸ್ಟಿಯರಿಂಗ್ ಹಿಡಿದವರು. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಸೈಕಲ್ ಹತ್ತಿ 96 ಕಿಲೋದಿಂದ 74ಕ್ಕೆ ಇಳಿದವರು.)

ಪ್ರಶ್ನೆ: ನನಗೆ 44 ವರ್ಷ, ಹಾಸನದಲ್ಲಿ ಕಚೇರಿ ಕೆಲಸ, ತೂಕ 92 ಕಿಲೋ. ಮೂರು ತಿಂಗಳಿಂದ ನಾಲ್ಕು ಜನ ಗೆಳೆಯರು ಸೇರಿ ದಿನಾ ಬೆಳಗ್ಗೆ ಗೊರೂರು ರಸ್ತೆಯಲ್ಲಿ ಒಂದು ಗಂಟೆ ಸೈಕಲ್ ಹೊಡೆಯುತ್ತೇವೆ. ವಾಪಸ್ ಬರುವಾಗ ಹೋಟೆಲಿನಲ್ಲಿ ತಿಂಡಿ ಮುಗಿಸಿಕೊಂಡು ಮನೆಗೆ. ಇಳಿದಿರುವುದು ಒಂದೂವರೆ ಕಿಲೋ ಮಾತ್ರ. ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಸರಿಯಾಗಿದೆ. ಇನ್ನೂ ಜೋರಾಗಿ ಹೊಡೆಯಬೇಕೇ?

– ಹೆಸರು ಬೇಡ, ಹಾಸನ

ಉತ್ತರ: ಜೋರಾಗಿ ಹೊಡೆಯೋದು ಬೇಡ ಸ್ವಾಮಿ. ಹೋಟೆಲಿನ ವಿಚಾರವನ್ನು ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ, ನಾನು ಅಲ್ಲೇ ನಿಲ್ಲುತ್ತೇನೆ.

ಲೆಕ್ಕ ನೋಡಿ. ನಿಮ್ಮ ತೂಕದವರು ಗಂಟೆಗೆ 15 ಕಿ.ಮೀ. ವೇಗದಲ್ಲಿ ಒಂದು ಗಂಟೆ ತುಳಿದರೆ ಖರ್ಚಾಗೋದು ಸುಮಾರು 500 ಕ್ಯಾಲೊರಿ. ಅದರಲ್ಲಿ 90ರಷ್ಟು ಮನೆಯಲ್ಲಿ ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿತ್ತು. ಈಗ ಹೋಟೆಲಿಗೆ ಬನ್ನಿ. ಒಂದು ಮಸಾಲೆ ದೋಸೆ, ಒಂದು ಉದ್ದಿನ ವಡೆ, ಸಕ್ಕರೆ ಹಾಕಿದ ಕಾಫಿ. ಅಷ್ಟಕ್ಕೇ 500 ದಾಟಿತು. ಸೈಕಲ್ ಹೊಡೆದಿದ್ದೀವಿ ಅನ್ನೋ ಧೈರ್ಯದಲ್ಲಿ ಇನ್ನೊಂದು ವಡೆ ಹೇಳಿದರೆ, ಮನೆಯಲ್ಲೇ ಮಲಗಿದ್ದವನಿಗಿಂತ ನೀವೇ ಹಿಂದೆ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಹತ್ತಿರ ಹತ್ತಿರ 7,700 ಕ್ಯಾಲೊರಿ ಕಡಿಮೆ ಬೀಳಬೇಕು. ಅದನ್ನು ಬರೀ ಪೆಡಲಿನಿಂದ ತೆಗೀತೀನಿ ಅಂತ ಹೊರಟವರು ಸುಸ್ತಾಗಿ ಸೈಕಲ್ ಮಾರಿದ್ದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೀನಿ.

ಹೋಟೆಲ್ ತಿಂಡಿ ಅಂದ್ರೆ ಏನು ಅಂತ ಬಸ್ ಓಡಿಸಿದವರನ್ನು ಕೇಳಬೇಕು. ಬಸ್ ನಿಲ್ಲಿಸಿದ ಹೋಟೆಲಿನವರು ಡ್ರೈವರ್, ಕಂಡಕ್ಟರ್ ಹತ್ತಿರ ಸಾಮಾನ್ಯವಾಗಿ ದುಡ್ಡು ಮುಟ್ಟೋದಿಲ್ಲ. ಬೇಡ ಅಂದ್ರೂ ಬಿಸಿ ಬೋಂಡಾ ತಂದಿಟ್ಟು ಹೋಗ್ತಾರೆ. ಹಳ್ಳಿಯ ನೈಟ್ ಹಾಲ್ಟ್ ಇದ್ದರೆ ಊಟ ರಾತ್ರಿ ಹತ್ತಕ್ಕೆ, ಬೆಳಗಿನ ಜಾವ ನಾಲ್ಕೂವರೆಗೆ ಮತ್ತೆ ಇಂಜಿನ್ ಸ್ಟಾರ್ಟ್. ನಡುವೆ ಸೀಟು ಬಿಟ್ಟು ಏಳೋದು ಕಾಫಿಗೆ ಮಾತ್ರ. ನನ್ನ ಮೂರು ತಿಂಗಳ ಸಕ್ಕರೆ ಸರಾಸರಿ, ಎಚ್‌ಬಿಎ1ಸಿ ಅಂತಾರಲ್ಲ, ಅದು 8.1 ಬಂದಿದ್ದು ಆಶ್ಚರ್ಯವೇನಲ್ಲ. 6.5 ದಾಟಿದರೆ ಸಕ್ಕರೆ ಕಾಯಿಲೆ ಅನ್ನೋದು ಲೆಕ್ಕ.

ಹಾಗಾದರೆ ಸೈಕಲ್ ದಂಡವಾ? ಖಂಡಿತ ಅಲ್ಲ. ತೊಡೆ, ಮೀನಖಂಡದ ಸ್ನಾಯು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್ನಿನ ಹಂಗಿಲ್ಲದೆ ಎಳೆದುಕೊಳ್ಳುತ್ತೆ. ತುಳಿಯೋದು ನಿಲ್ಲಿಸಿದ ಮೇಲೂ ಒಂದು ದಿನ, ಕೆಲವರಿಗೆ ಎರಡು ದಿನ ಆ ಗುಣ ಉಳಿಯುತ್ತೆ. ಅದಕ್ಕೇ ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಬೇಡಿ ಅನ್ನೋದು. ರಕ್ತದೊತ್ತಡ ಇಳಿಯುತ್ತೆ, ನಿದ್ದೆ ಬರುತ್ತೆ, ಮೆಟ್ಟಿಲು ಹತ್ತಿದರೆ ಏದುಸಿರು ಬರೋದು ನಿಲ್ಲುತ್ತೆ. ಇಷ್ಟೂ ಲಾಭ ತೂಕದ ಮುಳ್ಳು ಅಲುಗಾಡದಿದ್ದರೂ ನಿಮಗೆ ಸಿಕ್ಕೇ ಸಿಗುತ್ತೆ. ಒಂದು ಟೇಪ್ ತಗೊಂಡು ಸೊಂಟ ಅಳೆದಿಡಿ, ಪಕ್ಕೆಲುಬು ಮುಗಿಯುವ ಜಾಗಕ್ಕೂ ಸೊಂಟದ ಮೂಳೆಗೂ ನಡುವೆ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ತಕ್ಕಡಿಗಿಂತ ಮೊದಲು ಟೇಪ್ ಸುದ್ದಿ ಹೇಳುತ್ತೆ.

ಗೆಳೆಯರನ್ನು ಬಿಡಿ ಅನ್ನೋದಿಲ್ಲ. ಅವರಿಲ್ಲದಿದ್ದರೆ ಚಳಿಗಾಲದ ಮಂಜಿನಲ್ಲಿ ಐದೂವರೆಗೆ ನೀವು ಏಳೋದೂ ಇಲ್ಲ. ಹೋಟೆಲಿಗೂ ಹೋಗಿ. ಎರಡು ಇಡ್ಲಿ, ಸಾಂಬಾರ್ ಜಾಸ್ತಿ, ಸಕ್ಕರೆ ಇಲ್ಲದ ಕಾಫಿ. ದೋಸೆ ಭಾನುವಾರಕ್ಕೆ ಇರಲಿ. ಮೊದಲ ವಾರ ಗೆಳೆಯರು ರೇಗಿಸ್ತಾರೆ, ರೇಗಿಸಲಿ.

ಪ್ರಶ್ನೆ: ನಾವು ಚನ್ನರಾಯಪಟ್ಟಣದ ಕಡೆಯವರು, ಎರಡು ಹೊತ್ತೂ ಮುದ್ದೆ. ಮುದ್ದೆ ತಿಂದರೆ ತೂಕ ಇಳಿಯುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಹೊಟ್ಟೆ ಮಾತ್ರ ಇಳಿದಿಲ್ಲ. ಚಪಾತಿಗೆ ಬದಲಾಯಿಸಲೇ?

– ರೈತ, 51 ವರ್ಷ

ಉತ್ತರ: ಚಪಾತಿಗೆ ಹೋಗಿ ಏನು ಮಾಡ್ತೀರಿ? ಅದಕ್ಕೆ ಎಣ್ಣೆ ಸವರಿ, ಜೊತೆಗೆ ಆಲೂಗಡ್ಡೆ ಪಲ್ಯ ಹಾಕ್ಕೊಂಡು ಇನ್ನೊಂದು ಎರಡು ಕಿಲೋ ಏರಿಸ್ಕೊಳ್ತೀರಿ.

ರಾಗಿ ಮೇಲೆ ನನಗೆ ನಿಮ್ಮಷ್ಟೇ ಅಭಿಮಾನ. ಆದರೂ ಅಭಿಮಾನವನ್ನು ಪಕ್ಕಕ್ಕಿಟ್ಟು ಹೇಳಬೇಕಾದ್ದು ಹೇಳ್ತೀನಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, 100 ಗ್ರಾಂ ಅಕ್ಕಿಯಲ್ಲಿ ಸುಮಾರು 350. ಹೆಚ್ಚು ಕಡಿಮೆ ಒಂದೇ. ಪ್ರೋಟೀನೂ ಎರಡರಲ್ಲೂ ಏಳೆಂಟು ಗ್ರಾಂ. ರಾಗಿ ಗೆಲ್ಲೋದು ನಾರಿನಲ್ಲಿ ಮತ್ತು ಕ್ಯಾಲ್ಸಿಯಂನಲ್ಲಿ. 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ಪಾಲಿಶ್ ಅಕ್ಕಿಯಲ್ಲಿ ಹತ್ತೂ ಇಲ್ಲ. ಕಾಳು ಸಣ್ಣದು, ಅಕ್ಕಿ ಥರ ಪಾಲಿಶ್ ಮಾಡೋಕಾಗಲ್ಲ, ಸಿಪ್ಪೆ ಸಮೇತ ಹಿಟ್ಟಾಗುತ್ತೆ. ಹೊಟ್ಟೆ ತುಂಬಿದ ಹಾಗೆ ಹೆಚ್ಚು ಹೊತ್ತು ಇರುತ್ತೆ. ಇಷ್ಟೇ ಅದರ ಮಹಿಮೆ. ಕೊಬ್ಬು ಕರಗಿಸೋ ಮಂತ್ರ ಅದರಲ್ಲಿಲ್ಲ. ಸಕ್ಕರೆ ಕಾಯಿಲೆಯವರೂ ಮುದ್ದೆ ಅಂತ ಮನಸೋ ಇಚ್ಛೆ ತಿನ್ನೋ ಹಾಗಿಲ್ಲ.

ಈಗ ನಾನು ಕೇಳ್ತೀನಿ, ನೀವು ಹೇಳಿ. ಮುದ್ದೆ ಎಷ್ಟು ದಪ್ಪ? ಗದ್ದೆ ಉಳುವ ಕಾಲಕ್ಕೆ ನಿಮ್ಮ ತಂದೆಯವರಿಗೆ ಕಟ್ಟುತ್ತಿದ್ದ ಮುದ್ದೆಯನ್ನೇ ಟ್ರ್ಯಾಕ್ಟರ್ ಮೇಲೆ ಕೂರುವ ನಿಮಗೂ ಕಟ್ಟುತ್ತಿದ್ದಾರಾ? ಮುದ್ದೆ ಮುಗಿದ ಮೇಲೆ ಅನ್ನ ಬೇಕೇ ಬೇಕಾ? ನಮ್ಮ ಕಡೆ ಮುದ್ದೆ ಅಂದ್ರೆ ಊಟದ ಅರ್ಧ, ಮೇಲೆ ಎರಡು ಸಲ ಅನ್ನ, ಒಂದು ಸಾರಿಗೆ, ಒಂದು ಮಜ್ಜಿಗೆಗೆ. ಅದು ನಿಂತರೆ ಹೊಟ್ಟೆ ತಾನಾಗಿ ಇಳಿಯುತ್ತೆ. ಒಂದೋ ಮುದ್ದೆ, ಇಲ್ಲ ಅನ್ನ. ಮಜ್ಜಿಗೆಯನ್ನು ಹಾಗೇ ಕುಡೀರಿ.

ಅನ್ನ ಬಿಟ್ಟ ಜಾಗಕ್ಕೆ ಸಾರು ಗಟ್ಟಿಯಾಗಬೇಕು. ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳು ಸಾರು ಬೇರೆ ಯಾವ ಡಯಟ್ಟಿನವರಿಗೂ ಸಿಗದ ಆಸ್ತಿ. 100 ಗ್ರಾಂ ಹುರುಳಿಯಲ್ಲಿ ಇಪ್ಪತ್ತು ಗ್ರಾಂ ಮೇಲೆ ಪ್ರೋಟೀನ್ ಇದೆ. ಆದರೆ ನಾವು ಮಾಡೋದೇನು? ಬಸಿದ ಸೊಪ್ಪು, ಕಾಳನ್ನು ಪಲ್ಯ ಅಂತ ತಟ್ಟೆ ಮೂಲೆಗೆ ಒಂದು ಚಮಚ ಹಾಕ್ಕೊಂಡು, ನೀರು ಸಾರಿನಲ್ಲಿ ಮುದ್ದೆ ನುಂಗ್ತೀವಿ. ಪಲ್ಯ ಒಂದು ಬಟ್ಟಲು, ಮುದ್ದೆ ಅರ್ಧ. ಅವರೆ ಕಾಲದಲ್ಲಿ ಹಿತಕಿದ ಬೇಳೆ ಧಾರಾಳವಾಗಿ ತಿನ್ನಿ, ಒಗ್ಗರಣೆಗೆ ಎಣ್ಣೆ ಕೈ ಹಿಡಿದು ಹಾಕಿ. ಒಂದು ದೊಡ್ಡ ಚಮಚ ಎಣ್ಣೆ ಅಂದ್ರೆ 120 ಕ್ಯಾಲೊರಿ. ನಮ್ಮ ಮನೆಯಲ್ಲಿ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಅಂತ ಮಾಡಿದ್ದೀವಿ. ಕ್ಯಾನ್ ಖಾಲಿಯಾದ ತಾರೀಖು ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಸಾಕು, ಕಳ್ಳ ಸಿಗ್ತಾನೆ.

ಇನ್ನು ಆಲೂಗಡ್ಡೆ. ಹಾಸನ ಜಿಲ್ಲೆಯವನಾಗಿ ಅದರ ಮೇಲೆ ಚಾಡಿ ಹೇಳೋಕೆ ಬಾಯಿ ಬರಲ್ಲ. ಬೆಳೀರಿ, ಮಾರಿ, ತಿನ್ನಿ. ತಟ್ಟೆಯಲ್ಲಿ ಮಾತ್ರ ಅದನ್ನು ತರಕಾರಿ ಅಂತ ಲೆಕ್ಕ ಹಾಕಬೇಡಿ, ಅನ್ನದ ಪಾಲಿಗೆ ಸೇರಿಸಿ.

ಪ್ರಶ್ನೆ: ನನಗೆ 38 ವರ್ಷ, ಬೇಲೂರು ತಾಲ್ಲೂಕಿನ ಹಳ್ಳಿ. ತೂಕ 76 ಕಿಲೋ, ಮಂಡಿ ನೋವು. ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಕೊಟ್ಟ ಸರ್ಕಾರಿ ಸೈಕಲ್ ಕೊಟ್ಟಿಗೆಯಲ್ಲಿ ನಿಂತಿದೆ. ಚಿಕ್ಕವಳಿದ್ದಾಗ ಹೊಡೆಯಲು ಬರುತ್ತಿತ್ತು. ಈ ವಯಸ್ಸಿನಲ್ಲಿ, ಮಂಡಿ ನೋವಿಟ್ಟುಕೊಂಡು ಹೊಡೆಯಬಹುದೇ? ಊರಿನವರು ನಗುತ್ತಾರೆ ಎಂಬ ಅಳುಕೂ ಇದೆ.

– ಒಬ್ಬ ಗೃಹಿಣಿ

ಉತ್ತರ: ಹೊಡೆಯಬಹುದು ತಾಯಿ. 2006-07ರಿಂದ ಆ ಸೈಕಲ್ಲುಗಳು ಹಳ್ಳಿ ಹಳ್ಳಿಗೂ ಬಂದವು. ಎಷ್ಟೋ ಮನೆಗಳಲ್ಲಿ ಅವು ಸೌದೆ ಪಕ್ಕ ನಿಂತು ತುಕ್ಕು ಹಿಡಿದಿವೆ. ನಿಮ್ಮದಕ್ಕಾದರೂ ಮೋಕ್ಷ ಸಿಗಲಿ.

ಮೊದಲು ರಿಪೇರಿ. ನಿಂತ ಸೈಕಲ್ಲಿನ ಟ್ಯೂಬ್ ಸೀಳಿರುತ್ತೆ, ಬ್ರೇಕ್ ರಬ್ಬರ್ ಕಲ್ಲಾಗಿರುತ್ತೆ. ಎರಡೂ ಹೊಸದು ಹಾಕಿಸಿ, ಚೈನಿಗೆ ಎಣ್ಣೆ ಬಿಡಿಸಿ. ಆಮೇಲೆ ಸೀಟು. ನಿಮ್ಮ ಮಂಡಿ ಉಳಿಯೋದು, ಹೋಗೋದು ಸೀಟಿನ ಎತ್ತರದಲ್ಲಿದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಕ್ಕೆ ತಂದು ಹಿಮ್ಮಡಿ ಇಡಿ. ಕಾಲು ನೇರ ಆಗಬೇಕು. ಆಮೇಲೆ ತುಳಿಯೋದು ಹಿಮ್ಮಡಿಯಲ್ಲಲ್ಲ, ಪಾದದ ಮುಂಭಾಗದಲ್ಲಿ. ಆಗ ಮಂಡಿ ಕೊಂಚವೇ ಬಾಗಿರುತ್ತೆ. ನಮ್ಮ ಹೆಂಗಸರು ಬೀಳುವ ಭಯಕ್ಕೆ ಸೀಟನ್ನು ಪೂರ್ತಿ ಇಳಿಸಿಬಿಡ್ತಾರೆ. ಮಂಡಿ ಎದೆಗೆ ಬರುವ ಹಾಗೆ ಮಡಚಿ ತುಳಿದರೆ ಮಂಡಿ ಚಿಪ್ಪಿನ ಮುಂದುಗಡೆ ನೋವು ಬಂದೇ ಬರುತ್ತೆ. ಮಂಡಿಯ ಹಿಂದುಗಡೆ ಸೆಳೆದರೆ ಸೀಟು ಜಾಸ್ತಿ ಎತ್ತರವಾಗಿದೆ ಅಂತ. ಸೈಕಲ್ ಮೇಲೆ ಮೈಭಾರ ಹೊರೋದು ಸೀಟು, ಅದಕ್ಕೇ ದಪ್ಪ ಇರುವವರ ಮಂಡಿಗೆ ಓಡೋದಕ್ಕಿಂತ ಇದು ಎಷ್ಟೋ ವಾಸಿ. ಊತ ಇದ್ದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಹಾಗೇ ರಕ್ತ ಎಷ್ಟಿದೆ ಅಂತಲೂ ನೋಡಿಸಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, ಎಷ್ಟು ತುಳಿದರೂ ಬರೀ ಸುಸ್ತು.

ಸೀರೆಯಾದರೆ ಚೈನಿಗೆ ಕವರ್, ಹಿಂದಿನ ಚಕ್ರಕ್ಕೆ ಜಾಲರಿ ಇರಲೇಬೇಕು. ಚೂಡಿದಾರ್ ಆದರೆ ವೇಲ್ ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ಇದೊಂದು ವಿಷಯದಲ್ಲಿ ಸಡಿಲ ಬೇಡ.

ಜನರ ಮಾತಿಗೆ ನನ್ನ ಹತ್ತಿರ ಒಂದು ಉಪಾಯ ಇದೆ. ಡೇರಿಗೆ ಹಾಲು ಹಾಕ್ತೀರಲ್ಲ? ಕ್ಯಾನನ್ನು ಹಿಂದಿನ ಕ್ಯಾರಿಯರ್‌ಗೆ ರಬ್ಬರ್ ಪಟ್ಟಿಯಲ್ಲಿ ಬಿಗಿದು ಸೈಕಲ್ಲಿನಲ್ಲಿ ಹೋಗಿ. ಹ್ಯಾಂಡಲಿಗೆ ಒಂದೇ ಕಡೆ ನೇತುಹಾಕಬೇಡಿ, ವಾಲುತ್ತೆ. ವ್ಯಾಯಾಮ ಮಾಡುವ ಹೆಂಗಸನ್ನು ನೋಡಿ ಊರು ನಗಬಹುದು, ಹಾಲು ಹಾಕೋಕೆ ಹೋಗುವವಳನ್ನು ನೋಡಿ ಯಾರೂ ನಗಲ್ಲ. ಬೆಳಗ್ಗೆ ಸಂಜೆ ಎರಡು ಸಲ, ಬರುವಾಗ ಒಂದು ಸುತ್ತು ಜಾಸ್ತಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಎಲ್ಲರದ್ದೂ ಆದ ಮೇಲೆ ತಪ್ಪಲೆಯಲ್ಲಿ ಉಳಿದದ್ದನ್ನು ಹಾಳಾಗುತ್ತೆ ಅಂತ ನೀವು ತಿನ್ನುತ್ತೀರಿ, ಅದೂ ರಾತ್ರಿ ಹತ್ತು ಗಂಟೆಗೆ. ನಮ್ಮ ಮನೆಯಲ್ಲೂ ಇದೇ ನಡೆಯುತ್ತಿತ್ತು. ಈಗ ಎಲ್ಲರೂ ಎಂಟು ಗಂಟೆಗೆ ಒಟ್ಟಿಗೆ ಕೂರ್ತೀವಿ, ಉಳಿದದ್ದು ಹಸುವಿಗೆ. ನನ್ನಾಕೆಯ ತೂಕ ಸೈಕಲ್ ಮುಟ್ಟದೆಯೇ ಇಳೀತು.

ಪ್ರಶ್ನೆ: 58 ವರ್ಷ, ಚಿಕ್ಕಮಗಳೂರು. ಸಕ್ಕರೆಗೆ ಬೆಳಗ್ಗೆ ಮಾತ್ರೆ, ರಾತ್ರಿ ಇನ್ಸುಲಿನ್. ಬರೀ ಹೊಟ್ಟೆಯಲ್ಲಿ ಸೈಕಲ್ ಹೊಡೆದರೆ ಕೊಬ್ಬು ಬೇಗ ಕರಗುತ್ತದೆ ಎಂದು ಯಾರೋ ಹೇಳಿದರು. ಅರ್ಧ ಗಂಟೆಗೇ ಕೈ ನಡುಕ, ಬೆವರು. ಅಭ್ಯಾಸವಾದರೆ ಸರಿಹೋಗುತ್ತದೆಯೇ?

– ನಿವೃತ್ತ ನೌಕರ

ಉತ್ತರ: ಇಲ್ಲ, ಸರಿಹೋಗಲ್ಲ. ನಾಳೆ ಬೆಳಗ್ಗೆ ಸೈಕಲ್ ತೆಗೆಯಬೇಡಿ, ನಿಮ್ಮ ಡಾಕ್ಟರ್ ಹತ್ತಿರ ಹೋಗಿ ಇದೇ ಮಾತು ಹೇಳಿ. ಅದು ಸಕ್ಕರೆ 70ಕ್ಕಿಂತ ಕೆಳಗೆ ಇಳಿಯುವ ಲಕ್ಷಣ. ಇನ್ಸುಲಿನ್ ಮತ್ತು ಗ್ಲಿಮಿಪಿರೈಡ್ ಥರದ ಮಾತ್ರೆಗಳಲ್ಲಿ ಹೀಗಾಗುತ್ತೆ. ಬರೀ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಅಪರೂಪ. ಔಷಧಿ ಎಷ್ಟು ಇಳಿಸಬೇಕು, ಯಾವಾಗ ತಗೋಬೇಕು ಅನ್ನೋದು ಡಾಕ್ಟರ್ ಹೇಳಬೇಕು, ನೀವಾಗಿ ಬಿಡಬೇಡಿ. ನನ್ನ ಮಾತ್ರೆ ಕಡಿಮೆ ಆಗಿದ್ದೂ ಡಾಕ್ಟರ್ ರಿಪೋರ್ಟ್ ನೋಡಿದ ಮೇಲೆ.

ಅವರು ಹೊಡೀಬಹುದು ಅಂದ ಮೇಲೆ: ಹೊರಡುವ ಮುಂಚೆ ಮೀಟರಿನಲ್ಲಿ ನೋಡಿ. 100ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣೋ ಎರಡು ಇಡ್ಲಿಯೋ ತಿಂದು ಹೊರಡಿ. 250 ದಾಟಿ ಮೈಯೂ ಸರಿಯಿಲ್ಲ ಅನ್ನಿಸಿದರೆ ಅವತ್ತು ಬೇಡ. ಇನ್ಸುಲಿನ್ ತೊಡೆಗೆ ಚುಚ್ಚಿಕೊಂಡು ಕೂಡಲೇ ತುಳಿದರೆ ಅದು ಬೇಗ ರಕ್ತಕ್ಕೆ ಸೇರುತ್ತೆ, ಹೊಟ್ಟೆಗೆ ಹಾಕಿಕೊಳ್ಳುವ ಬಗ್ಗೆ ಕೇಳಿ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು. ನಡುಕ ಬಂತೋ, ಇಳಿದು ಕೂತು ಮೂರು ಟೀ ಚಮಚದಷ್ಟು ನೀರಿಗೆ ಹಾಕಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಕುಡಿದ ತಕ್ಷಣ ಸೈಕಲ್ ಹತ್ತಬೇಡಿ. ಜಾಸ್ತಿ ತುಳಿದ ದಿನ ಮಧ್ಯರಾತ್ರಿಯಲ್ಲೂ ಸಕ್ಕರೆ ಇಳಿಯಬಹುದು, ಮನೆಯವರಿಗೆ ಹೇಳಿಟ್ಟಿರಿ. ಚಪ್ಪಲಿ ಬೇಡ, ಶೂ ಹಾಕಿ. ವಾಪಸ್ ಬಂದು ಅಂಗಾಲು ನೋಡಿಕೊಳ್ಳಿ. ಸಕ್ಕರೆಯವರಿಗೆ ಗಾಯ ಆದದ್ದೇ ಗೊತ್ತಾಗಲ್ಲ. ಎದೆ ಹಿಡಿದ ಹಾಗಾದರೆ ಅಲ್ಲೇ ನಿಲ್ಲಿಸಿ, ಗ್ಯಾಸ್ಟ್ರಿಕ್ ಅಂತ ಸಮಾಧಾನ ಹೇಳಿಕೊಳ್ಳಬೇಡಿ.

ಪ್ರಶ್ನೆ: ಮುಂದಿನ ತಿಂಗಳು ಬೆಂಗಳೂರಿನಿಂದ ಬಂದು ಮುಳ್ಳಯ್ಯನಗಿರಿಗೆ ಸೈಕಲ್ಲಿನಲ್ಲಿ ಹತ್ತಬೇಕೆಂದಿದ್ದೇನೆ. ಎಷ್ಟು ತೂಕ ಇಳಿಯಬಹುದು? ನನ್ನ ತೂಕ 88.

– ಸಾಫ್ಟ್‌ವೇರ್ ಉದ್ಯೋಗಿ, 29

ಉತ್ತರ: ಸಂಜೆಗೆ ಎರಡು ಕಿಲೋ ಇಳಿದಿರುತ್ತೆ, ಎಲ್ಲಾ ಬೆವರು. ನೀರು ಕುಡಿದರೆ ವಾಪಸ್.

ಚಿಕ್ಕಮಗಳೂರು ಊರೇ ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿದೆ, ಗಿರಿಯ ತುದಿ 1,930 ಮೀಟರ್. ಕೈಮರ ದಾಟಿದ ಮೇಲೆ ಏರು ಬಿಡೋದೇ ಇಲ್ಲ. ಹತ್ತೋದು ಹೇಗೋ ಆಗುತ್ತೆ, ತಳ್ಳಿಕೊಂಡಾದರೂ ಹೋಗ್ತೀರಿ. ನನ್ನ ಭಯ ಇಳಿಯೋದರ ಬಗ್ಗೆ. ಬಸ್ಸಿನಲ್ಲಿ ನಮಗೆ ಹೇಳಿಕೊಟ್ಟ ಪಾಠ, ಯಾವ ಗೇರಿನಲ್ಲಿ ಘಾಟಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಇಂಜಿನ್ನೇ ಬಸ್ಸನ್ನು ಹಿಡಿಯುತ್ತೆ. ಸೈಕಲ್ಲಿಗೆ ಆ ಭಾಗ್ಯ ಇಲ್ಲ, ಗೇರ್ ಎಷ್ಟಿದ್ದರೂ ಹಿಡಿಯೋದು ಬ್ರೇಕ್ ಒಂದೇ. ಒಂದೇ ಸಮ ಅದುಮಿ ಹಿಡಿದರೆ ಕಾದು ಹಿಡಿತ ಹೋಗುತ್ತೆ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ, ನೇರ ಸಿಕ್ಕಾಗ ಬಿಡಿ, ಮತ್ತೆ ಹಿಡಿಯಿರಿ. ಶನಿವಾರ, ಭಾನುವಾರ ಬರಲೇಬೇಡಿ, ಪ್ರವಾಸಿಗಳ ಕಾರುಗಳು ಸೀತಾಳಯ್ಯನಗಿರಿ ಹತ್ತಿರ ಜಾತ್ರೆ ಮಾಡಿರುತ್ತವೆ. ತೂಕಕ್ಕೆ ಬೇಕಾದರೆ ಬೆಂಗಳೂರಿನಲ್ಲೇ ದಿನಾ ಆಫೀಸಿಗೆ ತುಳಿಯಿರಿ, ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ತರಿಸುವ ಬಿರಿಯಾನಿ ನಿಲ್ಲಿಸಿ. ಗಿರಿಗೆ ನೋಡೋಕೆ ಬನ್ನಿ.

ಪ್ರಶ್ನೆ: ಮೂಡಿಗೆರೆ ಹತ್ತಿರ ಎಸ್ಟೇಟಿನಲ್ಲಿ ರೈಟರ್. ಬೇಸಿಗೆಯಲ್ಲಿ ಸೈಕಲ್ಲಿನಿಂದ ಐದು ಕಿಲೋ ಇಳಿಸಿದ್ದೆ, ಜೂನ್‌ನಿಂದ ಸೆಪ್ಟೆಂಬರ್ ಮಳೆಯಲ್ಲಿ ಅಷ್ಟೂ ವಾಪಸ್ ಬಂತು. ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲದ ಕಾಫಿ ಮಾತ್ರ.

– 47 ವರ್ಷ

ಉತ್ತರ: ಮಲೆನಾಡಿನ ಮಳೆಯಲ್ಲಿ ಸೈಕಲ್ ಬೇಡ. ಒದ್ದೆ ರಿಮ್ಮಿಗೆ ಬ್ರೇಕ್ ಹಿಡಿಯಲ್ಲ, ಪಾಚಿ ಕಟ್ಟಿದ ತಿರುವು ನಂಬಿಕೆಗೆ ಯೋಗ್ಯ ಅಲ್ಲ. ಕಣದ ಶೆಡ್ಡಿನಲ್ಲಿ ನಡೆಯಿರಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂತು ಮಾಡಿ, ಮೆಟ್ಟಿಲು ಹತ್ತಿ ಇಳಿಯಿರಿ. ವಾರಕ್ಕೆ ಒಟ್ಟು 150 ನಿಮಿಷ ಮೈ ಬಿಸಿಯಾದರೆ ಸಾಕು.

ಬೆಲ್ಲದ ವಿಷಯದಲ್ಲಿ ಜಗಳ ಆಗಬಹುದು, ಆಗಲಿ. ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ, ರಕ್ತದಲ್ಲಿ ಸಕ್ಕರೆ ಏರಿಸೋದರಲ್ಲೂ ಇಲ್ಲ. ಮಳೆ ಹಿಡಿದ ದಿನ ಆರು ಲೋಟ ಬೆಲ್ಲದ ಕಾಫಿ, ಜೊತೆಗೆ ಕರಿದ ಹಲಸಿನ ಹಪ್ಪಳ, ಮಧ್ಯಾಹ್ನ ತುಪ್ಪ ಹಾಕಿದ ಕಡುಬು. ಐದು ಕಿಲೋ ಬಂದ ದಾರಿ ಅದು. ಕಾಫಿ ನಾಡಿನವರು ನೀವು, ಚಿಕೋರಿ ಇಲ್ಲದ ಒಳ್ಳೆ ಪುಡಿ ಮನೆ ಬಾಗಿಲಲ್ಲಿದೆ. ಅಂಥ ಕಾಫಿಗೆ ಸಿಹಿ ಹಾಕಿ ಯಾಕೆ ಕೆಡಿಸ್ತೀರಿ? ವಾರಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡುತ್ತಾ ಬನ್ನಿ. ಹಪ್ಪಳ ಕೆಂಡದ ಮೇಲೆ ಸುಡಿ. ಕಡುಬನ್ನು ಬಿಡಿ ಅಂತ ಮೂಡಿಗೆರೆಯವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ, ಎರಡಕ್ಕೆ ನಿಲ್ಲಿಸಿ.

ಪ್ರಶ್ನೆ: ಒಂದು ವರ್ಷದಲ್ಲಿ 14 ಕಿಲೋ ಇಳಿಸಿದೆ. ಈಗ ಅರಸೀಕೆರೆಯಲ್ಲಿ ಸಿಕ್ಕವರೆಲ್ಲಾ ‘ಯಾಕ್ರೀ ಹಿಂಗೆ ಒಣಗೋದ್ರಿ, ಶುಗರ್ರಾ?’ ಎನ್ನುತ್ತಾರೆ. ಹೆಂಡತಿಯೂ ಮುಖ ಬತ್ತಿದೆ, ನಿಲ್ಲಿಸಿ ಎನ್ನುತ್ತಾಳೆ.

– ಅಂಗಡಿ ಮಾಲೀಕ, 49

ಉತ್ತರ: ನನಗೂ ಇದೇ ಆಯ್ತು. ದಪ್ಪ ಇದ್ದಾಗ ಆರೋಗ್ಯ ಕೇಳದವರು ಇಳಿದ ಮೇಲೆ ಮನೆಗೇ ಬಂದು ವಿಚಾರಿಸಿದರು.

ವರ್ಷಕ್ಕೆ 14 ಅಂದ್ರೆ ವಾರಕ್ಕೆ ಕಾಲು ಕಿಲೋ ಚಿಲ್ಲರೆ. ನಿಧಾನವಾಗಿ, ಪ್ರಯತ್ನಪಟ್ಟು ಇಳಿಸಿದ್ದು, ಗಾಬರಿ ಬೇಡ. ಪ್ರಯತ್ನವೇ ಇಲ್ಲದೆ ತೂಕ ಇಳಿಯುತ್ತಾ ಹೋಗಿ, ದಾಹ, ಪದೇ ಪದೇ ಮೂತ್ರ ಇದ್ದರೆ ಮಾತ್ರ ಜನರ ಅನುಮಾನ ನಿಜ ಇರಬಹುದು, ಕೂಡಲೇ ಪರೀಕ್ಷೆ ಮಾಡಿಸಬೇಕು. ನಿಮ್ಮ ಮನೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಮುಖದ ಕೊಬ್ಬು ಹೋದದ್ದು ಒಂದು, ಅನ್ನ ಕಡಿಮೆ ಮಾಡಿ ಕಾಳು, ಮೊಟ್ಟೆ, ಮೊಸರು ಜಾಸ್ತಿ ಮಾಡದೆ ಸ್ನಾಯುವೇ ಕರಗಿದ್ದು ಇನ್ನೊಂದು. ನಮ್ಮಂಥವರಿಗೆ ಮೈತೂಕದ ಕಿಲೋಗೆ ದಿನಕ್ಕೆ ಒಂದು ಗ್ರಾಂ ಹತ್ತಿರ ಪ್ರೋಟೀನ್ ಬೇಕು. 70 ಕಿಲೋ ಇದ್ದರೆ 60ರಿಂದ 70 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗೋದು ಆರು ಗ್ರಾಂ, ಲೆಕ್ಕ ಹಾಕಿ. ಸೈಕಲ್ ಕಾಲಿನ ಸ್ನಾಯು ಕಾಯುತ್ತೆ, ತೋಳು ಭುಜ ಕಾಯಲ್ಲ. ಅಂಗಡಿಯಲ್ಲಿ ಅಕ್ಕಿ ಮೂಟೆ ಇದ್ದರೆ ಹುಡುಗನ ಕೈಲಿ ಎತ್ತಿಸಬೇಡಿ, ಸಣ್ಣ ಚೀಲದಿಂದ ಶುರು ಮಾಡಿ ನೀವೇ ಎತ್ತಿ.

ಸಕ್ಕರೆ, ಒತ್ತಡ, ಕೊಲೆಸ್ಟ್ರಾಲ್ ಒಂದು ಸಲ ಮಾಡಿಸಿ ರಿಪೋರ್ಟನ್ನು ಮನೆಯವರ ಕೈಗೆ ಕೊಡಿ. ಅಂಗಡಿಗೆ ಬರುವ ಗಿರಾಕಿಗಳಿಗೆ ತೋರಿಸೋ ಅಗತ್ಯ ಇಲ್ಲ. ಆಮೇಲೆ, ನಾಲ್ಕಿಂಚು ಸಡಿಲವಾದ ಹಳೇ ಪ್ಯಾಂಟನ್ನು ಬೆಲ್ಟಿನಲ್ಲಿ ಬಿಗಿದುಕೊಂಡು ಓಡಾಡಿದರೆ ಯಾರಿಗಾದರೂ ಕಾಯಿಲೆಯವರ ಥರವೇ ಕಾಣ್ತೀರಿ. ಟೈಲರ್ ಹತ್ತಿರ ಸೊಂಟ ಹಿಡಿಸಿ, ಇಲ್ಲ ಎರಡು ಹೊಸದು ಹೊಲಿಸಿ.